ಕೊರಿಯಾದ ಕಂತುಗಳು, ಕಾಪುವಿನ ಕುರ್ಚಿ

ಅರುವತ್ತು ದಾಟಿದ ಮೇಲೆ ನಮ್ಮ ಕಡೆಯ ಹೆಂಗಸರು ಭಜನಾ ಮಂಡಳಿಯನ್ನೋ ಮೊಣಕಾಲಿನ ಡಾಕ್ಟರನ್ನೋ ಹಿಡಿಯುವುದು ವಾಡಿಕೆ. ನಾನು ಕೊರಿಯಾ ದೇಶವನ್ನು ಹಿಡಿದೆ. ಇದಕ್ಕೆ ಹೊಣೆ ನನ್ನ ತಂಗಿಯ ಮಗಳು. ಮಣಿಪಾಲದಲ್ಲಿ ಓದುತ್ತಾ ಉಡುಪಿಯ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದ ಅವಳು, ಊಟದ ಹೊತ್ತಿನಲ್ಲಿ ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿಟ್ಟು ಏಳು ಹುಡುಗರು ಕುಣಿಯುವುದನ್ನು ನೋಡುತ್ತಿದ್ದಳು. ಗದರುವ ಮೊದಲು ಆಕ್ಷೇಪದ ವಸ್ತುವನ್ನು ಪರಿಶೀಲಿಸುವುದು ನ್ಯಾಯವೆಂದುಕೊಂಡು ನಾನೂ ಒಂದು ಹಾಡನ್ನು ಪೂರ್ತಿ ನೋಡಿದೆ. ಸಾರು ಆರಿಹೋಯಿತು.

ಹುಡುಗರು ಚಂದವಿದ್ದರು. ಚಂದ ಎನ್ನುವುದಕ್ಕಿಂತ, ಅವರ ಮುಖದ ಮೇಲೆ ಯಾವುದೂ ನಡೆದಿರಲಿಲ್ಲ. ಮೊಡವೆ, ಬಿಸಿಲು, ಸಂಕಟ, ಪರೀಕ್ಷೆ ಏನೂ. ಏಳು ಜನ ಒಂದೇ ಸಲ ತಲೆ ಓರೆ ಮಾಡುತ್ತಿದ್ದರು, ಒಂದೇ ಸಲ ಉಸಿರು ಬಿಡುತ್ತಿದ್ದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡವನ್ನೂ, ಬೇರೆಯವರು ರಜೆ ಹಾಕಿದಾಗ ಇಂಗ್ಲಿಷನ್ನೂ ಕಲಿಸಿದ ನಾನು, ಪ್ರಾರ್ಥನೆಗೆ ಏಳು ಮಕ್ಕಳನ್ನು ನೆಟ್ಟಗೆ ನಿಲ್ಲಿಸಲಾರದೆ ನಿವೃತ್ತಳಾದವಳು. ಇಂಥ ಶಿಸ್ತು ಮನುಷ್ಯರಿಂದ ಸಾಧ್ಯವೇ ಎಂದು ನನಗೆ ಒಂದು ಸಣ್ಣ ಹೆದರಿಕೆಯಾಯಿತು. ಆ ಹೆದರಿಕೆಯನ್ನು ಒಬ್ಬಳೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಗೆಳತಿಯರಿಗೂ ಹಂಚಿದೆ.

ಗೆಳತಿಯರು ಇಬ್ಬರು. ಕಾಪುವಿನ ಶಾಲೆಯಲ್ಲಿ ನಾವು ಮೂವರೂ ಒಂದೇ ಬೆಂಚಿನವರು. ಒಬ್ಬಳು ಕಾರ್ಕಳಕ್ಕೆ ಮದುವೆಯಾಗಿ ಹೋಗಿ, ಅಲ್ಲಿಯೇ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ, ಈಗ ಪಿಂಚಣಿ ತೆಗೆದುಕೊಳ್ಳುತ್ತಿರುವವಳು. ಇನ್ನೊಬ್ಬಳು ಕಾಪುವಿನಲ್ಲೇ ಉಳಿದವಳು. ಸಮುದ್ರದ ಬದಿಯಲ್ಲಿ ಮನೆ, ಮೀನಿನ ವ್ಯಾಪಾರ. ಹೆಸರು ಹೇಳಿದರೆ ಇಬ್ಬರೂ ನನ್ನನ್ನು ಸುಮ್ಮನೆ ಬಿಡುವವರಲ್ಲ. ಹಾಗಾಗಿ ಒಬ್ಬಳು ಕಾರ್ಕಳದವಳು, ಒಬ್ಬಳು ಕಾಪುವಿನವಳು.

ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಕಾಪುವಿನವಳಿಗೆ ಒಣಮೀನು ಮಾರುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದ್ದರಿಂದ ವಾರಕ್ಕೆರಡು ಮಧ್ಯಾಹ್ನ ಅವಳ ಮನೆಯಲ್ಲಿ ಸೇರುವುದೆಂದಾಯಿತು. ನಾನು ಉಡುಪಿಯಿಂದ ಉದ್ಯಾವರ ದಾಟಿ ಹೋಗುತ್ತಿದ್ದೆ. ಕಾರ್ಕಳದವಳು ಎರಡು ಬಸ್ಸು ಬದಲಿಸಿ, ಕೊಡೆಯನ್ನು ಒಂದರಲ್ಲಿ ಮರೆತು ಬರುತ್ತಿದ್ದಳು. ತಂಗಿಯ ಮಗಳು ಅಲ್ಲಿಯ ಟಿವಿಗೆ ಹಾಕಲು ತನ್ನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ನಾನು ಅದನ್ನು ದೇವಸ್ಥಾನದ ಪ್ರಸಾದದ ಹಾಗೆ ಪರ್ಸಿನ ಒಳಖಾನೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ.

ಮೊದಲ ದಿನ ಏಳು ಹುಡುಗರನ್ನೇ ತೋರಿಸಿದೆ. ಕಾರ್ಕಳದವಳು ಐದು ನಿಮಿಷದಲ್ಲಿ ಭಕ್ತೆಯಾದಳು. ಅವಳ ಮನೆಯ ಹಿಂದಿನ ಕಿಟಕಿ ತೆರೆದರೆ ದೂರದ ಬಂಡೆಯ ಮೇಲೆ ನೂರಾರು ವರ್ಷಗಳಿಂದ ವಯಸ್ಸೇ ಆಗದೆ ನಿಂತ ಕಲ್ಲಿನ ತರುಣ ಕಾಣುತ್ತಾನೆ. ಸವೆಯದ ಮುಖಗಳು ಅವಳಿಗೆ ಹೊಸದಲ್ಲ. ಅವಳು ಹುಡುಗರನ್ನು ಕೂದಲಿನ ಬಣ್ಣದಿಂದ ಗುರುತಿಟ್ಟುಕೊಂಡಳು: ಅರಸಿನದವನು, ಪುನರ್ಪುಳಿಯ ಕೆಂಪಿನವನು, ಬೂದಿಯವನು ಹೀಗೆ. ಎರಡನೆಯ ಹಾಡಿನಲ್ಲಿ ಎಲ್ಲರೂ ಬಣ್ಣ ಬದಲಿಸಿ ಬಂದಾಗ ಅವಳಿಗೆ ಕುಟುಂಬದಲ್ಲಿ ಮೋಸವಾದಷ್ಟು ದುಃಖವಾಯಿತು.

ಕಾಪುವಿನವಳು ಒಂದು ಹಾಡು ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು: "ಇವರ ಮೈಮೇಲೆ ಎಂತ ಬರುವುದು?"

"ಎಂತವೂ ಬರುವುದಿಲ್ಲ. ಅಭ್ಯಾಸ ಮಾಡಿದ್ದು."

"ಸುಮ್ಮನಿರು ಮಾರಾಯ್ತಿ. ಏಳು ಜನ ಒಟ್ಟಿಗೆ ಹಾಗೆ ನಡುಗಬೇಕಾದರೆ ದೈವದ ದರ್ಶನವೇ. ಒಬ್ಬನಿಗೆ ಬಂದದ್ದು ಏಳು ಜನಕ್ಕೆ ಹಂಚಿ ಹೋಗಿದೆ." ಎದ್ದು ಹೋಗಿ ದೇವರ ಪಟದ ಎದುರಿನ ಬಲ್ಬು ಹಾಕಿ ಬಂದಳು. "ಇವರು ಬೇಡ. ಕಥೆ ಇದ್ದದ್ದು ಹಾಕು."

ಅವಳ ಮನೆಯ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಟಿವಿಯ ಎದುರು ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಮರದ ಕುರ್ಚಿ. ಮರದ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ಅದು ಅವಳ ಗಂಡನದ್ದು. ಆರು ಮಳೆಗಾಲದ ಹಿಂದೆ ಗಾಳಿ ಎದ್ದ ದಿನ ಬೋಟಿನಲ್ಲಿ ಹೋದವರು. ಜೊತೆಯವರು ಇಬ್ಬರು ಸಿಕ್ಕಿದರು, ಅವರು ಸಿಗಲಿಲ್ಲ. ಸಿಗದವರು ಸತ್ತವರಲ್ಲ ಎಂಬುದು ಅವಳ ಕಾನೂನು. ಕುರ್ಚಿಯ ಹಿಂದೆ ಮೊಳೆಯಲ್ಲಿ ಒಂದು ನೀಲಿ ಅಂಗಿ. ತಿಂಗಳಿಗೊಮ್ಮೆ ಅದನ್ನು ಒಗೆದು, ಇಸ್ತ್ರಿ ಹಾಕಿ, ಮತ್ತೆ ಅದೇ ಮೊಳೆಗೆ ಸಿಕ್ಕಿಸುತ್ತಿದ್ದಳು. ಕಿಟಕಿ ಮುಚ್ಚಿದ್ದರೂ ಕಡಲಿನ ಗಾಳಿ ಎಲ್ಲಿಂದಲೋ ಬಂದು ಆ ಅಂಗಿಯ ಒಂದು ತೋಳನ್ನು ಮಾತ್ರ ಅಲ್ಲಾಡಿಸುತ್ತಿತ್ತು. ನಾನು ನೋಡದಂತೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಅವಳ ಮೈದುನ, ಗಂಡನ ತಮ್ಮ, ಪಕ್ಕದ ಮನೆಯಲ್ಲಿದ್ದವನು, ನಡುಮಳೆಗಾಲದ ಆಟಿ ತಿಂಗಳು ಬಂದಾಗಲೆಲ್ಲ ಒಂದೇ ಮಾತು ಹೇಳಲು ಬರುತ್ತಿದ್ದ.

"ಅತ್ತಿಗೆ, ಈ ವರ್ಷವಾದರೂ ಅಣ್ಣನಿಗೆ ಒಂದು ಎಲೆ ಹಾಕುವ."

ಆಟಿಯಲ್ಲಿ ಸತ್ತ ಹಿರಿಯರಿಗೆ ಬಡಿಸುವುದು ಅವರ ಮನೆಯ ಕ್ರಮ. ಒಳಕೋಣೆಯಲ್ಲಿ ದೀಪ ಹಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಹೊರಗೆ ಮಾತಿಲ್ಲದೆ ಸ್ವಲ್ಪ ಹೊತ್ತು ಕೂರುವುದು. ಆಮೇಲೆ ಮನೆಯ ಗಂಡಸು ಒಮ್ಮೆ ಕೆಮ್ಮಿ ಬಾಗಿಲು ತೆರೆಯುವುದು. ಕೆಮ್ಮದೆ ತೆರೆಯಬಾರದು, ಉಣ್ಣುತ್ತಾ ಕೂತವರಿಗೆ ಏಳಲು ಸಮಯ ಬೇಕು. ಕಾಪುವಿನವಳು ಮಾವನಿಗೆ, ಅತ್ತೆಗೆ ವರ್ಷವೂ ಬಡಿಸುತ್ತಿದ್ದಳು. ಗಂಡನಿಗೆ ಎಲೆ ಹಾಕಿರಲಿಲ್ಲ. ಹಾಕಿದರೆ ತನ್ನ ಕೈಯಾರೆ ಅವರನ್ನು ಆಚೆ ಕಡೆಗೆ ಕಳಿಸಿದ ಹಾಗೆ.

ಮೈದುನನಿಗೂ ಅವನದೇ ಕಷ್ಟವಿತ್ತು. ಮಗಳ ಮದುವೆ ಕೂಡಿಬರುತ್ತಿರಲಿಲ್ಲ. ಇನ್ನಂಜೆಯ ಜೋಯಿಸರು ಕವಡೆ ಇಟ್ಟು, ಹಸಿದವರೊಬ್ಬರು ಹೊಸ್ತಿಲಲ್ಲಿ ನಿಂತಿದ್ದಾರೆ, ಒಳಗೂ ಬರಲಾರರು, ಹೊರಗೂ ಹೋಗಲಾರರು ಎಂದಿದ್ದರು. ಅಂದಿನಿಂದ ಅವನು ಅತ್ತಿಗೆಯ ಹೊಸ್ತಿಲನ್ನು ಸ್ವಲ್ಪ ಓರೆಯಾಗಿ ದಾಟುತ್ತಿದ್ದ, ಬಸ್ಸಿನಲ್ಲಿ ನಿಂತವರ ಪಕ್ಕದಿಂದ ನುಸುಳುವ ಹಾಗೆ.

"ಇರುವವರಿಗೆ ಎಲೆ ಹಾಕಲಿಕ್ಕೆ ನನಗೆ ಹುಚ್ಚಾ?" ಎನ್ನುತ್ತಿದ್ದಳು ಅವಳು.

ಇಂಥ ಮನೆಗೆ ನಾನು ಕೊರಿಯಾದ ಧಾರಾವಾಹಿಯನ್ನು ಕೊಂಡುಹೋದದ್ದು. ಆಯ್ಕೆ ತಂಗಿಯ ಮಗಳದ್ದು. "ಸಮುದ್ರ ಉಂಟು, ಮೀನುಂಟು, ನಿಮ್ಮ ಫ್ರೆಂಡಿಗೆ ಇಷ್ಟ ಆಗ್ತದೆ ದೊಡ್ಡಮ್ಮ" ಎಂದಿದ್ದಳು. ಹದಿನಾರು ಕಂತು. ಕಡಲ ಬದಿಯ ಒಂದು ಹಳ್ಳಿ, ಮೀನು ಮಾರುವ ಒಬ್ಬಳು ಮುದುಕಿ, ಅವಳ ಇಬ್ಬರು ಗಂಡುಮಕ್ಕಳು, ಪಟ್ಟಣದಿಂದ ಬಂದ ಒಬ್ಬಳು ಸಿಡುಕಿನ ಡಾಕ್ಟರ್ ಹುಡುಗಿ. ಮಾತು ಕೊರಿಯನ್ನಿನದು, ಕೆಳಗೆ ಬರುವ ಸಾಲು ಇಂಗ್ಲಿಷಿನದು. ಕಾಪುವಿನವಳಿಗೆ ಅಷ್ಟು ವೇಗವಾಗಿ ಇಂಗ್ಲಿಷ್ ಓದಲು ಬರುವುದಿಲ್ಲ. ಹೀಗಾಗಿ ಓದಿ ಹೇಳುವ ಕೆಲಸ ನನಗೆ ಬಂತು.

ನನ್ನ ತಂದೆ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಭಾಗವತರು ಎರಡು ಸಾಲು ಹಾಡಿದರೆ ಅದನ್ನು ಅರ್ಧ ಗಂಟೆಯ ಮಾತಾಗಿ ಬೆಳೆಸುವುದು ಅವರ ಪ್ರತಾಪ. ಆ ರಕ್ತ ನನ್ನಲ್ಲಿಯೂ ಇದೆಯೆಂದು ನನಗೆ ತಿಳಿದದ್ದು ಆಗ. ಹುಡುಗಿ ಬರಿದೇ "ಹೋಗು" ಎಂದರೆ ನಾನು, "ಹೋಗು, ಆದರೆ ಹೋಗುವಾಗ ಒಮ್ಮೆ ತಿರುಗಿ ನೋಡದೆ ಹೋದರೆ ನಿನ್ನ ಜನ್ಮ ಸಾರ್ಥಕವಲ್ಲ" ಎನ್ನುತ್ತಿದ್ದೆ. ಕಾಪುವಿನವಳು ತಲೆದೂಗುತ್ತಿದ್ದಳು. ಕಾರ್ಕಳದವಳು ಇಂಗ್ಲಿಷ್ ಬಲ್ಲವಳು. ನನ್ನನ್ನು ವಾರೆಗಣ್ಣಿನಿಂದ ನೋಡಿ ಚಕ್ಕುಲಿ ಮುರಿಯುತ್ತಿದ್ದಳು.

ಎರಡನೆಯ ದಿನವೋ ಏನೋ, ಮೂರು ಕಂತು ಒಂದೇ ಸಮನೆ ಓಡಿದ ಮೇಲೆ ಪರದೆ ತಟ್ಟನೆ ಕಪ್ಪಾಗಿ ಒಂದು ಸಾಲು ಮೂಡಿತು.

"ಎಂತ ಅದು?" ಎಂದಳು ಕಾಪುವಿನವಳು.

"ಇನ್ನೂ ನೋಡುತ್ತಿದ್ದೀರಾ ಅಂತ ಕೇಳುತ್ತದೆ."

"ಯಾರು ಕೇಳುವುದು?"

"ಟಿವಿ."

ಅವಳು ಮರದ ಕುರ್ಚಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಬಹಳ ಸಹಜವಾಗಿ ಹೇಳಿದಳು: "ನೋಡ್ತಾ ಇದ್ದಾರೆ ಅಂತ ಹೇಳು."

ನಾನು ಒತ್ತಿದೆ. ಟಿವಿ ನಂಬಿತು.

ನಾಲ್ಕನೆಯ ಕಂತಿನಲ್ಲಿ ಮುದುಕಿಯ ಹಿರಿಯ ಮಗನ ದೋಣಿ ಹೋಯಿತು. ನಾನು ಮುಂಚಿತವಾಗಿ ನೋಡಿರಲಿಲ್ಲ. ಪಾಠದ ಹಿಂದಿನ ದಿನ ಪಾಠ ಓದದ ಮೇಷ್ಟ್ರಿಗೆ ಆಗಬೇಕಾದದ್ದು ನನಗಾಯಿತು. ತೀರದಲ್ಲಿ ಜನ, ಅಲೆಯಲ್ಲಿ ಒಂದು ಹಲಗೆ, ಕಾಲು ಮಡಚಿ ಕುಸಿದ ಮುದುಕಿ. ಕೆಳಗೆ ಸಾಲು: ಶವ ಸಿಗಲಿಲ್ಲ. ಕಾಪುವಿನವಳು ಕುರ್ಚಿಯ ತುದಿಗೆ ಬಂದಿದ್ದಳು. "ಎಂತ ಹೇಳ್ತಾರೆ? ಹೇಳು."

ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: "ಮಗ ಹೇಳದೆ ಕೇಳದೆ ದೊಡ್ಡ ಹಡಗಿನಲ್ಲಿ ಕೆಲಸ ಹಿಡಿದು ಹೋಗಿದ್ದಾನಂತೆ. ಹಳೇ ದೋಣಿಯನ್ನು ಬಿಟ್ಟೇ ಹೋದನಂತೆ. ಅದಕ್ಕೆ ಅಳುವುದು."

"ಅಷ್ಟೆಯಾ?" ಎಂದು ಅವಳು ಹಿಂದಕ್ಕೆ ಒರಗಿದಳು. ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಚಹಾ ಮಾಡುವ ನೆಪದಲ್ಲಿ ಕಾರ್ಕಳದವಳು ನನ್ನನ್ನು ಅಡುಗೆಮನೆಗೆ ಎಳೆದಳು. "ಎಂತ ಮಾರಾಯ್ತಿ ನೀನು ಮಾಡಿದ್ದು?"

"ಮತ್ತೆ ಎಂತ ಹೇಳಬೇಕಿತ್ತು?"

"ಅಲ್ಲಿ ಬರೆದದ್ದನ್ನು."

"ನೀನು ಹೇಳು ಹಾಗಾದರೆ."

ಅವಳು ಸಕ್ಕರೆ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆರೆದು ಮುಚ್ಚಿದಳು.

ಒಂದು ಸುಳ್ಳು ಹೇಳುವುದು ಸುಲಭ. ಧಾರಾವಾಹಿಯಲ್ಲಿ ಅದನ್ನು ಸಾಕುವುದು ಕಷ್ಟ. ಸತ್ತವನು ಸುಮ್ಮನಿರುವುದಿಲ್ಲ. ಪ್ರತಿ ಕಂತಿನಲ್ಲಿ ಯಾರಾದರೊಬ್ಬರು ಅವನನ್ನು ನೆನೆದು ಅಳುತ್ತಾರೆ. ನಾನು ಪ್ರತಿ ಸಲವೂ ಅವನಿಗೆ ಹೊಸ ಬಂದರು ಹುಡುಕಬೇಕಾಯಿತು. ಅವನಿಗೆ ಬಡ್ತಿ ಕೊಟ್ಟೆ. ಜ್ವರ ಬರಿಸಿ ಗುಣಪಡಿಸಿದೆ. ತಮ್ಮ ಅಣ್ಣನ ಮಳೆಯಂಗಿಯನ್ನು ತಬ್ಬಿಕೊಂಡು ಬಿಕ್ಕಿದಾಗ, ಅಣ್ಣ ಕಳಿಸಿದ ಹೊಸ ಅಂಗಿ ಅಳತೆಗೆ ಸರಿಯಾಗಲಿಲ್ಲ ಎಂದೆ. ಕಾಪುವಿನವಳು ಬಾಗಿಲಲ್ಲೇ ಕೇಳಲು ಸುರುಮಾಡಿದಳು: "ಇವತ್ತು ಹಡಗಿನವನ ಸುದ್ದಿ ಬರ್ತದಾ?" ಕಥೆಯಲ್ಲಿ ಎದುರಿಗಿದ್ದ ಹತ್ತು ಜನರ ಮೇಲೆ ಅವಳಿಗೆ ಆಸಕ್ತಿ ಇರಲಿಲ್ಲ. ಪರದೆಯಲ್ಲಿ ಇಲ್ಲದವನೊಬ್ಬನನ್ನು ಅವಳು ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ಕೆಲವು ಮಧ್ಯಾಹ್ನ ನನಗೂ ಅವನು ಕಾಣುತ್ತಿದ್ದ. ಹಡಗಿನ ಕಟಕಟೆಗೆ ಮೊಣಕೈ ಊರಿ, ನೀಲಿ ಅಂಗಿ ಹಾಕಿಕೊಂಡು. ಆ ಅಂಗಿ ಎಲ್ಲಿಯದೆಂದು ನನಗೆ ಹೊಳೆದದ್ದು ಆಮೇಲೆ.

ಆಟಿ ಬಂತು. ಮೈದುನನೂ ಬಂದ. ನಾವು ಕೂತಿದ್ದಾಗಲೇ ಅವನು ತನ್ನ ಮಾತು ಹೇಳಿದ. ಅವಳು ಟಿವಿಯ ಕಡೆ ಕೈ ತೋರಿಸಿದಳು.

"ಅಲ್ಲಿ ಒಬ್ಬನದ್ದು ಹಾಗೇ ಆದದ್ದು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಎಲ್ಲರೂ ಅತ್ತರು. ಈಗ ಹಡಗಿನಲ್ಲಿ ಮೇಲಿನ ಕೆಲಸದಲ್ಲಿದ್ದಾನೆ. ಟೀಚರಲ್ಲಿ ಕೇಳು."

ಮೈದುನ ನನ್ನನ್ನು ನೋಡಿದ. "ಹೌದಾ ಟೀಚರೇ?"

ಮೂವತ್ತನಾಲ್ಕು ವರ್ಷ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. "ಕಥೆ ಇನ್ನೂ ಮುಗಿದಿಲ್ಲ" ಎಂದೆ. ಅವನು ತಲೆ ತಗ್ಗಿಸಿ, ಹೊಸ್ತಿಲನ್ನು ಓರೆಯಾಗಿ ದಾಟಿ ಹೋದ. ಅವಳು ಆರು ವರ್ಷ ತನ್ನದೇ ಬಲದ ಮೇಲೆ ಕಾದಿದ್ದಳು. ಈಗ ನನ್ನ ಸುಳ್ಳಿನ ಮೇಲೆ ಕಾಯುತ್ತಿದ್ದಳು. ಮೈದುನನ ಮಗಳ ಮದುವೆಯೂ ಅದರ ಮೇಲೆಯೇ ಬಂದು ಕೂತಿತು.

ಅದಾಗಿ ಎರಡು ದಿನಕ್ಕೆ ಹನ್ನೆರಡನೆಯ ಕಂತು ಬಂತು. ಹೊರಗೆ ಮಳೆ ನಿಂತು, ಮಧ್ಯಾಹ್ನದ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಕಡಲು ಮನೆಯ ಹಿಂದೆ ಒಂದೇ ಸಮನೆ ಮೊರೆಯುತ್ತಿತ್ತು. ಪರದೆಯಲ್ಲಿ ಮುದುಕಿ ಒಳಕೋಣೆಯಲ್ಲಿ ಒಂದು ಕಿರುಮೇಜಿನ ಮೇಲೆ ಅನ್ನ, ಮೀನು, ಹಣ್ಣು ಜೋಡಿಸಿದಳು. ದೀಪ ಹಚ್ಚಿದಳು. ಮಧ್ಯದಲ್ಲಿ ಮಗನ ಫೋಟೋ ಇಟ್ಟಳು. ನಾನು ಸಿದ್ಧಳಿದ್ದೆ. "ಹಡಗಿನಿಂದ ಮಗ ಬರುತ್ತಾನಂತೆ, ಅದಕ್ಕೆ ಹಬ್ಬದ ಅಡುಗೆ" ಎಂದೆ.

ಕಾಪುವಿನವಳು ನನ್ನ ಕಡೆ ತಿರುಗದೆ ಪರದೆಯನ್ನೇ ನೋಡುತ್ತಿದ್ದಳು.

ಮುದುಕಿ ಹಿಂದಕ್ಕೆ ನಡೆದು ಹೊರಗೆ ಬಂದಳು. ಬಾಗಿಲು ಎಳೆದುಕೊಂಡಳು. ಹೊರಗೆ ಮನೆಯವರೆಲ್ಲ ತಲೆ ತಗ್ಗಿಸಿ ಮಾತಿಲ್ಲದೆ ನಿಂತರು. ಕೆಳಗೆ ಯಾವ ಸಾಲೂ ಬರಲಿಲ್ಲ. ನನಗೆ ಅರ್ಥ ಹೇಳಲು ಪದವೇ ಇರಲಿಲ್ಲ. ಬಹಳ ಹೊತ್ತು ಮುಚ್ಚಿದ ಬಾಗಿಲೊಂದೇ ಪರದೆಯ ತುಂಬ ಇತ್ತು. ಆಮೇಲೆ ಕಿರಿಯ ಮಗ ಮುಂದೆ ಬಂದು, ಮುಷ್ಟಿಯನ್ನು ಬಾಯಿಗಿಟ್ಟು, ಕೆಮ್ಮಿದ. ಒಂದು, ಎರಡು, ಮೂರು. ಬಾಗಿಲು ತೆರೆದ.

ಎಷ್ಟು ಸಾವಿರ ಮೈಲು ದೂರದ ಜನ, ಬೇರೆ ದೇವರು, ಬೇರೆ ಅಕ್ಷರ. ಒಳಗೆ ಹೋಗುವ ಮೊದಲು ಸತ್ತವರಿಗೆ ಕೆಮ್ಮಿ ತಿಳಿಸುವುದನ್ನು ಅವರಿಗೆ ಯಾರು ಹೇಳಿಕೊಟ್ಟರೋ. ಕಾರ್ಕಳದವಳ ಕೈಯಲ್ಲಿ ಚಕ್ಕುಲಿ ಹಾಗೆಯೇ ನಿಂತಿತ್ತು.

"ಸಾಕು. ನಿಲ್ಲಿಸು" ಎಂದಳು ಕಾಪುವಿನವಳು. ನಿಲ್ಲಿಸಿದೆ. ತೆರೆದ ಬಾಗಿಲು ಪರದೆಯ ಮೇಲೆ ಹಾಗೆಯೇ ಉಳಿಯಿತು.

"ಎಷ್ಟನೆಯ ಕಂತಿನಲ್ಲಿ ಹೋದದ್ದು ಅವನು?"

"ನಾಲ್ಕರಲ್ಲಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. "ನೀನು ಅವನನ್ನು ಎಂಟು ಕಂತು ಬದುಕಿಸಿದೆ" ಎಂದಳು. ಆಮೇಲೆ ಯಾರಿಗೋ ಹೇಳುವ ಹಾಗೆ, "ನಾನು ಆರು ವರ್ಷ" ಎಂದಳು.

ಮತ್ತೆ ನಾಲ್ಕನೆಯ ಕಂತಿನಿಂದ ಹಾಕಲು ಹೇಳಿದಳು. "ಈ ಸಲ ಬರೆದದ್ದನ್ನು ಮಾತ್ರ ಓದು." ಮೂರು ಮಧ್ಯಾಹ್ನ ಹಿಡಿಯಿತು. ನಾನು ಒಂದು ಪದ ಸೇರಿಸದೆ, ಹಾಜರಿ ಕರೆಯುವ ದನಿಯಲ್ಲಿ ಓದಿದೆ. ಶವ ಸಿಗಲಿಲ್ಲ ಎಂದು ಓದಿದಾಗ ಅವಳು ತಲೆಯಾಡಿಸಿದಳು, ಗೊತ್ತಿದ್ದ ವಿಳಾಸವನ್ನು ಇನ್ನೊಬ್ಬರು ಹೇಳಿದಾಗ ಆಡಿಸುವ ಹಾಗೆ.

ಮೂರನೆಯ ದಿನ ಮೈದುನನನ್ನು ಕರೆಸಿದಳು. "ಎಲೆ ಹಾಕುವ" ಎಂದಳು. "ಆದರೆ ನನ್ನದೊಂದು ಮಾತುಂಟು. ಎಲೆ ಹಾಕಿ ನೋಡುವ. ಬಂದರೆ, ಅವರು ಆಚೆ ಕಡೆ ಇದ್ದಾರೆ. ಬಾರದಿದ್ದರೆ ಇಲ್ಲಿಯೇ ಎಲ್ಲಿಯೋ ಇದ್ದಾರೆ. ಆಮೇಲೆ ನೀನು ಇನ್ನೊಮ್ಮೆ ಕೇಳಲಿಕ್ಕಿಲ್ಲ."

"ಬಂದದ್ದು ಹೇಗೆ ಗೊತ್ತಾಗುವುದು ಅತ್ತಿಗೆ?"

"ಇಪ್ಪತ್ತೆಂಟು ವರ್ಷ ಒಟ್ಟಿಗೆ ಊಟ ಮಾಡಿದ್ದೇನೆ. ಗೊತ್ತಾಗ್ತದೆ." ನನ್ನ ಕಡೆ ತಿರುಗಿದಳು. "ನೀವಿಬ್ಬರೂ ಬರಬೇಕು. ನೀನು ಅರ್ಥ ಹೇಳುವುದು ಬೇಡ. ಕೇಳಿದರೆ ಇದ್ದದ್ದು ಹೇಳಿದರೆ ಸಾಕು."

ಬಡಿಸುವ ದಿನ ಮಧ್ಯಾಹ್ನ ಒಳಕೋಣೆಯಲ್ಲಿ ಮೂರು ಎಲೆ ಬಿದ್ದವು. ಮಾವ, ಅತ್ತೆ, ಮೂರನೆಯದು ಬಾಗಿಲಿನ ಹತ್ತಿರ. ಕುಚ್ಚಲಕ್ಕಿ ಅನ್ನ, ಬಂಗುಡೆಯ ಸಾರು, ಪತ್ರೊಡೆ. ಮಾವನ ಎಲೆಯ ಪಕ್ಕ ಕಳ್ಳು. ಗಂಡನ ಎಲೆಯ ಪಕ್ಕ ಒಂದು ಸ್ಟೀಲಿನ ಲೋಟದಲ್ಲಿ ಚಹಾ. ಅವರು ಕುಡಿಯುತ್ತಿದ್ದದ್ದು ಅದನ್ನೇ, ನಾಲ್ಕು ಚಮಚ ಸಕ್ಕರೆ ಹಾಕಿ. ಸಕ್ಕರೆ ಹಾಕುವಾಗ ಅವಳ ಕೈ ಎರಡಕ್ಕೆ ನಿಂತಿತು, ಸಕ್ಕರೆ ಕಡಿಮೆ ಮಾಡಲು ಅವರಿಗೆ ಡಾಕ್ಟರ್ ಹೇಳಿದ್ದನ್ನು ನೆನೆಸಿಕೊಂಡವಳಂತೆ. ಮತ್ತೆ ಎರಡು ಹಾಕಿದಳು.

ಬಾಗಿಲು ಎಳೆದುಕೊಂಡು ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಅವಳು ಬಾಗಿಲಿಗೆ ಹತ್ತಿರ, ನಾವಿಬ್ಬರು ಗೋಡೆಯ ಬದಿ, ಮೈದುನ ಹೊರಬಾಗಿಲ ಹತ್ತಿರ. ಮಾತಿಲ್ಲ. ಹಂಚಿನಿಂದ ನೀರು ಒಂದೊಂದೇ ಹನಿ ಇಳಿಯುತ್ತಿತ್ತು. ಕಡಲು ಮೊರೆಯುವುದನ್ನು ನಿಲ್ಲಿಸಿತೋ, ಕೇಳಿ ಕೇಳಿ ನಮ್ಮ ಕಿವಿ ನಿಂತಿತೋ, ಅಂತೂ ಸದ್ದು ತಗ್ಗಿತು. ಎದುರಿಗೆ ಆರಿದ ಟಿವಿ. ಅದರ ಕಪ್ಪು ಗಾಜಿನಲ್ಲಿ ಮರದ ಕುರ್ಚಿ, ನೀಲಿ ಅಂಗಿ, ನಾವು. ಎಷ್ಟು ಜನ ಕಾಣುತ್ತೇವೆಂದು ಎಣಿಸಬಾರದೆಂದು ನಾನು ನೆಲ ನೋಡಿದೆ.

ಕೆಮ್ಮು ಕೇಳಿತು. ಒಂದೇ ಸಲ, ಗಂಟಲು ಸರಿಮಾಡಿಕೊಂಡ ಹಾಗೆ. ಅವಳು ಎದ್ದು ಬಾಗಿಲು ತೆರೆದಳು.

ಒಳಗೆ ಎಲ್ಲವೂ ಇಟ್ಟ ಹಾಗೆಯೇ ಇತ್ತು. ಎಲೆ ಮುಟ್ಟಿದ ಗುರುತಿಲ್ಲ. ಸತ್ತವರು ಪರಿಮಳವನ್ನು ಮಾತ್ರ ತೆಗೆದುಕೊಳ್ಳುವವರು, ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತ್ತು. ಅವಳು ಮೂರನೆಯ ಎಲೆಯ ಎದುರು ಮಂಡಿಯೂರಿ, ಲೋಟವನ್ನು ಹಿಡಿದು ನೋಡಿ, ಕೆಳಗಿಟ್ಟಳು. ಮುಖ ತಿಳಿಯಾಗಿತ್ತು. ಸ್ವಲ್ಪ ಗೆದ್ದ ಮುಖವೂ ಹೌದು. "ಬರಲಿಲ್ಲ" ಎಂದಳು. ಮೈದುನ ಹೆಗಲ ಬೈರಾಸಿನಲ್ಲಿ ಮುಖ ಒರೆಸಿಕೊಂಡ.

ಊಟಕ್ಕೆ ಕೂತೆವು. ಮೀನು ತಿನ್ನದ ನನ್ನ ಎಲೆಯಲ್ಲಿ ಅವಲಕ್ಕಿ, ಬಾಳೆಹಣ್ಣು, ಉಳಿದವರದ್ದರಲ್ಲಿ ಉಳಿದದ್ದು. ಮೈದುನ ಎರಡು ತುತ್ತು ತಿಂದು, ಏನಾದರೂ ಮಾತಾಡಬೇಕಲ್ಲ ಎಂಬಂತೆ ಹೇಳಿದ:

"ಟೀಚರೇ, ನೀವು ಎಂತಕ್ಕೆ ಅಷ್ಟು ಅವಸರ ಮಾಡಿದ್ದು? ನಾನು ಇನ್ನೊಂದು ಐದು ನಿಮಿಷ ಬಿಟ್ಟು ಕೆಮ್ಮುವ ಅಂತಿದ್ದೆ."

ಅವನು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ತರಗತಿಗೆ ಕೆಮ್ಮಿ ಒಳಗೆ ಹೋಗುವುದು ನನ್ನ ಚಾಳಿ. ಮಕ್ಕಳಿಗೂ ಗಲಾಟೆ ನಿಲ್ಲಿಸಲು ಸಮಯ ಬೇಕು. ನಿವೃತ್ತಳಾದ ಮೇಲೂ ಅದು ಬಿಟ್ಟಿಲ್ಲ. ಅಂಗಡಿಗೆ, ಬಚ್ಚಲಿಗೆ ಕೂಡ ಕೆಮ್ಮಿಯೇ ಹೋಗುತ್ತೇನೆಂದು ತಂಗಿಯ ಮಗಳು ತಮಾಷೆ ಮಾಡುತ್ತಾಳೆ.

ಕಾಪುವಿನವಳ ತುತ್ತು ಎಲೆಗೂ ಬಾಯಿಗೂ ಮಧ್ಯೆ ನಿಂತಿತು.

"ನೀನಲ್ಲವಾ ಕೆಮ್ಮಿದ್ದು?" ಎಂದಳು ಮೈದುನನಿಗೆ.

"ಅಲ್ಲ ಅತ್ತಿಗೆ. ಟೀಚರು."

ಅವಳು ಕಾರ್ಕಳದವಳನ್ನು ನೋಡಿದಳು. "ನಾನಲ್ಲ" ಎಂದಳು ಕಾರ್ಕಳದವಳು, ಬಹಳ ಮೆಲ್ಲಗೆ. ಆಮೇಲೆ ಕಾಪುವಿನವಳು ನನ್ನನ್ನು ನೋಡಿದಳು.

"ನೀನಾ?"

ಹೌದು ಎಂದುಬಿಡಬಹುದಿತ್ತು. ಸಾಕ್ಷಿಯೆಲ್ಲ ನನ್ನ ಕಡೆಗಿತ್ತು. ಮೂವತ್ತನಾಲ್ಕು ವರ್ಷ ನಾನು ಕಲಿಸಿದ ಮಕ್ಕಳೇ ಬಂದು ಹೇಳುತ್ತಿದ್ದರು. ಹೌದು ಎಂದರೆ ಅವರು ಎಲ್ಲಿಯೋ ಇದ್ದಾರೆ, ಯಾವುದೋ ಬಂದರಿನಲ್ಲಿ, ನಾಲ್ಕು ಚಮಚ ಸಕ್ಕರೆಯ ಚಹಾ ಕುಡಿಯುತ್ತಾ. ಅವಳು ಅಂಗಿಗೆ ಇಸ್ತ್ರಿ ಹಾಕುತ್ತಾ ಇರುತ್ತಾಳೆ. ಅಲ್ಲ ಎಂದರೆ, ಅಲ್ಲ. ನನ್ನ ಗಂಟಲನ್ನು ನಾನು ಒಳಗಿನಿಂದ ಮುಟ್ಟಿ ನೋಡುವವಳ ಹಾಗೆ ನೆನಪಿಸಿಕೊಂಡೆ. ನಾನು ನೆಲ ನೋಡುತ್ತಿದ್ದೆ. ಎಣಿಸಬಾರದೆಂದು ಉಸಿರು ಹಿಡಿದಿದ್ದೆ. ಉಸಿರು ಹಿಡಿದವರು ಕೆಮ್ಮಲಾರರು.

"ನಾನಲ್ಲ" ಎಂದೆ.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ದೀಪ ಉರಿಯುತ್ತಿತ್ತು, ನೆಟ್ಟಗೆ. ಅವಳು ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದಳು.

"ಮಳೆಗಾಲದಲ್ಲಿ ಅವರಿಗೆ ಗಂಟಲು ಕಟ್ಟುತ್ತಿತ್ತು" ಎಂದಳು. "ಊಟವಾದ ಮೇಲೆ ಹಾಗೆ ಒಂದು ಸಲ ಕೆಮ್ಮಿ ಏಳುವುದು." ಮತ್ತೆ ಅನ್ನಕ್ಕೆ ಸಾರು ಕಲಸಿದಳು. ಬಹಳ ಹೊತ್ತಿನ ಮೇಲೆ ಅವಳ ಕಣ್ಣಿನಿಂದ ನೀರು ಇಳಿದು ಎಲೆಯ ಮೇಲೆ ಬಿತ್ತು. ಅವಳು ಅದನ್ನು ಒರೆಸಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ.

ಉಡುಪಿಗೆ ಮರಳುವ ಬಸ್ಸಿನಲ್ಲಿ ನನಗೆ ಗಂಟಲಿನಲ್ಲಿ ಕೆರೆತ. ಕೆಮ್ಮಲಿಲ್ಲ. ಮನೆಯ ಬಾಗಿಲಲ್ಲಿಯೂ ಕೆಮ್ಮಲಿಲ್ಲ. ಸದ್ದಿಲ್ಲದೆ ಒಳಗೆ ಬಂದ ನನ್ನನ್ನು ಕಂಡು ತಂಗಿಯ ಮಗಳು ಬೆಚ್ಚಿಬಿದ್ದಳು. ನಾನು ಹೇಳಿದ್ದು ನಿಜವೇ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುವುದುಂಟು. ನಿಜವೆಂದೇ ತೋರುತ್ತದೆ. ಅದು ಸಮಾಧಾನದ ವಿಷಯವೋ ಎಂಬುದು ಬೇರೆ ಪ್ರಶ್ನೆ.

ಮುಂದಿನ ವಾರ ಫೋನು ಬಂತು. "ಇನ್ನು ನಾಲ್ಕು ಕಂತು ಬಾಕಿ ಉಂಟಲ್ಲ. ಬರುವುದಿಲ್ಲವಾ?"

ಹೋದೆವು. ಮೊಳೆ ಖಾಲಿಯಿತ್ತು. ಅಂಗಿ ಮೈದುನನ ಮೈಮೇಲೆ ಅಂಗಳದಲ್ಲಿ ಓಡಾಡುತ್ತಿತ್ತು, ತೋಳು ಸ್ವಲ್ಪ ಉದ್ದವಾಗಿ. ಮರದ ಕುರ್ಚಿಯ ಮೇಲೆ ಒಣಮೀನಿನ ಬುಟ್ಟಿ ಇತ್ತು. ವಾಸನೆ ನನಗೆ ಕಷ್ಟವಾದರೂ ಆ ದಿನ ಆಕ್ಷೇಪಿಸಲಿಲ್ಲ. ಮೂರು ಕಂತು ಓಡಿತು. ನಾನು ಬರೆದದ್ದನ್ನು ಬರೆದ ಹಾಗೆ ಓದಿದೆ. ಡಾಕ್ಟರ್ ಹುಡುಗಿ ಕಿರಿಯ ಮಗನನ್ನು ಒಪ್ಪಿದಳು, ಅದಕ್ಕೆ ಹದಿನೈದು ಕಂತು ಬೇಕಾಯಿತಲ್ಲ ಎಂದು ಕಾರ್ಕಳದವಳು ಗೊಣಗಿದಳು. ಆಗ ಪರದೆ ಕಪ್ಪಾಗಿ, ಇನ್ನೂ ನೋಡುತ್ತಿದ್ದೀರಾ ಎನ್ನುವ ಆ ಸಾಲು ಮೂಡಿತು.

ಈ ಸಲ ಅದರ ಅರ್ಥ ಅವಳು ಕೇಳಲಿಲ್ಲ. ಕುರ್ಚಿಯ ಕಡೆಗೂ ನೋಡಲಿಲ್ಲ.

"ಮೂರು ಜನ ನೋಡ್ತಾ ಇದ್ದೇವೆ ಅಂತ ಹೇಳು" ಎಂದಳು.

ನಾನು ಒತ್ತಿದೆ.